ಅಭ್ಯಾಸದಲ್ಲಿ ಓಡುವ ಮಕ್ಕಳು ಕೂಟದ ದಿನ ಏಕೆ ಸೊರಗುತ್ತಾರೆ? ಮಲೆನಾಡಿನ ತರಬೇತುದಾರರು, ಕ್ರೀಡಾಪಟುಗಳು ಬರೆಯಿರಿ

ದೈಹಿಕ ಶಿಕ್ಷಣ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಬಹಳ ದಿನಗಳಿಂದ ಕೊರೆಯುತ್ತಿದೆ. ಅನುಭವವಿದ್ದವರು ದಯವಿಟ್ಟು ಬರೆಯಿರಿ.

ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. 400 ಮೀಟರ್ ಓಟದಲ್ಲಿ ನಮ್ಮ ಮೈದಾನದಲ್ಲಿ ಅವಳನ್ನು ಹಿಡಿಯುವವರಿಲ್ಲ. ಜೂನ್ ಬಂತೆಂದರೆ ಆ ಮೈದಾನ ಕೆಸರುಗದ್ದೆಯಾಗುತ್ತದೆ, ಆದರೂ ಓಡುತ್ತಾಳೆ. ಕಳೆದ ವರ್ಷ ಜಿಲ್ಲಾ ಕೂಟಕ್ಕೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ನೆಹರೂ ಕ್ರೀಡಾಂಗಣದ ಗ್ಯಾಲರಿ, ಮೈಕಿನ ಸದ್ದು, ಹೊಸ ಸ್ಪೈಕ್ಸ್ (ಮೊಳೆ ಬೂಟು) ಹಾಕಿಕೊಂಡು ಜಿಗಿಯುತ್ತಿದ್ದ ಬೇರೆ ತಾಲ್ಲೂಕಿನ ಹುಡುಗಿಯರು, ಇಷ್ಟನ್ನು ನೋಡಿದ್ದೇ ಅವಳ ಕೈ ತಣ್ಣಗಾಯಿತು. ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗಿ ಬಂದಳು. ಓಟ ಶುರುವಾದ ಮೇಲೆ ಮೊದಲ ಅರ್ಧವನ್ನು ಹಿಂದೆ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿ, ಕೊನೆಯ ತಿರುವಿನಲ್ಲಿ ಕಾಲು ಕಿತ್ತಿಡಲಾಗದೆ ಹಿಂದೆ ಬಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಮಾತೂ ಆಡಲಿಲ್ಲ.

ಅವಳ ಕಾಲಿನಲ್ಲಿ ಕೊರತೆಯಿಲ್ಲ. ದೊಡ್ಡ ತಂಡಗಳಿಗೆ ಮನಸ್ಸಿನ ತಯಾರಿಗೆಂದೇ ತರಬೇತುದಾರರು ಇರುತ್ತಾರೆ. 2011ರ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಜೊತೆಗಿದ್ದ ಪ್ಯಾಡಿ ಅಪ್ಟನ್, 2024ರಲ್ಲಿ ಗುಕೇಶ್ ವಿಶ್ವ ಚೆಸ್ ಚಾಂಪಿಯನ್ ಆದಾಗಲೂ ಬೆನ್ನಿಗಿದ್ದರು. ನಮ್ಮಂಥ ಶಾಲೆಗಳಲ್ಲಿ ಅದೆಲ್ಲವನ್ನೂ ಪಿ.ಇ. ಶಿಕ್ಷಕರೇ ಮಾಡಬೇಕು. ಏನು ಮಾಡಬೇಕು, ಯಾವಾಗಿನಿಂದ ಮಾಡಬೇಕು? "ಧೈರ್ಯವಾಗಿರು" ಎಂದು ಹೇಳಿ ಧೈರ್ಯ ಬರುವುದಿಲ್ಲ ಎಂಬುದು ಗೊತ್ತಾಗಿದೆ.

ಕಬಡ್ಡಿ ತರಬೇತುದಾರ, ಭದ್ರಾವತಿ

ಮೇಡಂ, ನೀವು ಹೇಳಿದ ಹುಡುಗಿ ಪ್ರತಿ ಶಾಲೆಯಲ್ಲೂ ಇದ್ದಾಳೆ. ಕೂಟದ ಹಿಂದಿನ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಭಾಷಣ ಮಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಒತ್ತಡ ಏನೆಂಬುದು ಅಭ್ಯಾಸದಲ್ಲೇ ಪರಿಚಯವಾಗಿರಬೇಕು.

ನಾವು ಮಾಡುವುದನ್ನು ಹೇಳುತ್ತೇನೆ. ವಾರದಲ್ಲಿ ಒಂದು ದಿನ ಸ್ಪೀಕರಿನಲ್ಲಿ ಜನರ ಕೂಗಾಟವನ್ನು ಜೋರಾಗಿ ಹಾಕಿ ಆಡಿಸುತ್ತೇವೆ. ಪಕ್ಕದ ಶಾಲೆಯ ಹುಡುಗರನ್ನು ಕರೆಸಿ ಅಂಗಳದ ಸುತ್ತ ನಿಲ್ಲಿಸುತ್ತೇವೆ. ಎರಡು ಅಂಕ ಹಿಂದಿದ್ದೀರಿ, ಉಳಿದಿರುವುದು ಕೊನೆಯ ರೇಡ್ ಎಂದು ಹೇಳಿ ಅಲ್ಲಿಂದಲೇ ಆಟ ಶುರು ಮಾಡುತ್ತೇವೆ. ಒಮ್ಮೊಮ್ಮೆ ಅಂಪೈರ್ ಬೇಕೆಂದೇ ತಪ್ಪು ತೀರ್ಪು ಕೊಡುತ್ತಾರೆ. ಔಟಲ್ಲದವನನ್ನು ಔಟ್ ಎನ್ನುತ್ತಾರೆ. ಆಗ ಹುಡುಗ ಅಂಪೈರ್ ಮುಖ ನೋಡುತ್ತಾ ನಿಂತನೋ, ಸಾಲಿಗೆ ಮರಳಿ ಮುಂದಿನ ರೇಡರ್‌ನ ಕಾಲು ನೋಡಿದನೋ, ನಾವು ಗಮನಿಸುವುದು ಅದನ್ನೇ. ಆಟ ಮುಗಿದ ಮೇಲೆ, ಅದು ಬೇಕೆಂದೇ ಕೊಟ್ಟ ತೀರ್ಪು ಎಂದು ಅವನಿಗೆ ಹೇಳಿಬಿಡಬೇಕು. ಇಲ್ಲದಿದ್ದರೆ ಮಕ್ಕಳಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಇನ್ನೊಂದು ಮಾತು, ಇದು ನಮ್ಮೂರಿನದು. ಭದ್ರಾವತಿಯಲ್ಲೇ ಹುಟ್ಟಿದ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ನಡುವೆ ನಾಯಕ ಪಟೌಡಿ ತಾವೇ ವಿಶ್ವನಾಥ್ ಬಳಿ ಹೋಗಿ, ಚಿಂತಿಸಬೇಡ, ನೀನು ನೂರು ಹೊಡೆಯುತ್ತೀಯ ಎಂದು ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಅವರೇ ನೆನಪಿಸಿಕೊಂಡಿದ್ದಾರೆ. ಇಪ್ಪತ್ತರ ಹುಡುಗ ಸೊನ್ನೆಗೆ ಔಟಾಗಿ ಬಂದಾಗ ನಾಯಕ ಮುಖ ತಿರುಗಿಸಿಕೊಂಡಿದ್ದರೆ ಏನಾಗುತ್ತಿತ್ತೋ. ಸೋತು ಬಂದ ಮಗುವಿಗೆ ನಾವು ಮೊದಲು ಆಡುವ ಮಾತು ಯಾವುದು ಎಂಬುದನ್ನು ತರಬೇತುದಾರರು ಮುಂಚೆಯೇ ತೀರ್ಮಾನಿಸಿ ಇಟ್ಟುಕೊಂಡಿರಬೇಕು. ಸಿಟ್ಟಿನಲ್ಲಿ ಹೊಳೆಯುವ ಮಾತು ಒಳ್ಳೆಯದಿರುವುದಿಲ್ಲ.

ನಿವೃತ್ತ ಅಥ್ಲೆಟಿಕ್ಸ್ ತರಬೇತುದಾರ, ಶಿವಮೊಗ್ಗ

ತೀರ್ಥಹಳ್ಳಿಯ ಮೇಡಂಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಹುಡುಗಿಯ ಓಟವನ್ನೇ ನೋಡೋಣ. ಸುಣ್ಣದ ಗೆರೆಯೂ ನಿಲ್ಲದ ಕೆಸರಿನ ಮೈದಾನದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಟು, ಒತ್ತೊತ್ತಾಗಿ ಓಡಿ ಕಲಿತವಳು ಅವಳು. ಕ್ರೀಡಾಂಗಣದಲ್ಲಿ 400 ಮೀಟರ್ ಓಟವನ್ನು ಲೇನ್‌ನಲ್ಲೇ ಓಡಬೇಕು. ಹೊರಗಿನ ಲೇನ್‌ನ ಸುತ್ತು ಉದ್ದ, ಆದ್ದರಿಂದ ಅದು ಸಿಕ್ಕರೆ ಉಳಿದವರಿಗಿಂತ ಮುಂದೆ ನಿಂತು ಹೊರಡುತ್ತಾಳೆ, ಓಟದ ಬಹುಪಾಲು ಯಾರೂ ಕಣ್ಣಿಗೆ ಬೀಳುವುದಿಲ್ಲ, ಹೆಜ್ಜೆಯ ಸದ್ದು ಮಾತ್ರ ಹಿಂದಿನಿಂದ ಬರುತ್ತದೆ. ಅಭ್ಯಾಸವಿಲ್ಲದ ಮಗು ಹೆದರಿ ಮೊದಲೇ ಎಲ್ಲ ಶಕ್ತಿಯನ್ನೂ ಸುರಿದುಬಿಡುವುದು ಸಹಜ. ಇದಕ್ಕೆ ಮನೋಬಲದ ಕೊರತೆ ಎಂದು ಹೆಸರಿಡುವುದು ಅನ್ಯಾಯ. ಅವಳಿಗೆ ಆ ಜಾಗ ಗೊತ್ತಿರಲಿಲ್ಲ, ಅಷ್ಟೆ. ಕೂಟದ ಹಿಂದಿನ ದಿನವೋ, ಅಂದೇ ಬೆಳಿಗ್ಗೆ ಬೇಗನೆಯೋ ಅವಳನ್ನು ಟ್ರ್ಯಾಕ್‌ಗೆ ಕರೆದೊಯ್ದು ಬೇರೆ ಬೇರೆ ಲೇನ್‌ಗಳಲ್ಲಿ ಒಂದೊಂದು ಸುತ್ತು ನಡೆಸಿ. ಕೊನೆಯ ತಿರುವು ಮುಗಿಯುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಗೆರೆ ಎಷ್ಟು ದೂರ ಕಾಣುತ್ತದೆ ಎಂದು ತೋರಿಸಿ.

ಎರಡನೆಯದು ಮಳೆಗಾಲ. ನಮ್ಮ ಕಡೆ ಕೂಟಗಳ ಹೊತ್ತಿಗೇ ಮಳೆ ಹಿಡಿದಿರುತ್ತದೆ. ಆಗುಂಬೆ, ಹೊಸನಗರದ ಕಡೆ ವಾರಗಟ್ಟಲೆ ಮೈದಾನಕ್ಕೆ ಇಳಿಯಲಾಗುವುದಿಲ್ಲ. ಆ ದಿನಗಳನ್ನು ಕಳೆದುಹೋದವೆಂದು ಬಿಡಬೇಡಿ, ಓಟವನ್ನು ಮನಸ್ಸಿನಲ್ಲಿ ಓಡಿಸಿ. ಆದರೆ ಬೆಂಚಿನ ಮೇಲೆ ಒರಗಿ, ಕಣ್ಣು ಮುಚ್ಚಿ, ಗೆದ್ದು ಪದಕ ಹಾಕಿಸಿಕೊಂಡಂತೆ ಊಹಿಸಿಕೊಳ್ಳುವುದು ಹಗಲುಗನಸು, ತಯಾರಿಯಲ್ಲ. 2001ರಲ್ಲಿ ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಸಂಶೋಧಕರು ಈ ಅಭ್ಯಾಸ ಹೇಗಿರಬೇಕು ಎಂದು ವಿವರಿಸಿದರು. ಮೈ ನಿಜವಾದ ಭಂಗಿಯಲ್ಲಿರಬೇಕು, ಜಾಗ ನಿಜವಾದ ಜಾಗದಂತಿರಬೇಕು, ವೇಗವೂ ನಿಜವಾದ ವೇಗವೇ ಆಗಿರಬೇಕು ಎಂಬುದು ಅದರ ತಿರುಳು. ಶಾಲೆಯ ಜಗಲಿಯಲ್ಲಿ ಬೂಟು ಹಾಕಿಸಿ, ಹೊರಡುವ ಭಂಗಿಯಲ್ಲಿ ನಿಲ್ಲಿಸಿ, ಸ್ಟಾಪ್‌ವಾಚ್ ಒತ್ತಿ. ಅವಳು ಮನಸ್ಸಿನಲ್ಲಿ ಓಡಿ ಗೆರೆ ದಾಟಿದಾಗ ಕೈ ಎತ್ತಲಿ. 70 ಸೆಕೆಂಡ್‌ನಲ್ಲಿ ಓಡುವವಳು 40 ಸೆಕೆಂಡ್‌ಗೇ ಕೈ ಎತ್ತಿದರೆ ಎಲ್ಲೋ ಹಾರಿಸಿದ್ದಾಳೆ ಎಂದರ್ಥ. ಹೆಚ್ಚಾಗಿ ಹಾರಿಸುವುದು ನೋಯುವ ಭಾಗವನ್ನು, ಅಂದರೆ 250ರಿಂದ 350 ಮೀಟರ್‌ವರೆಗಿನದನ್ನು. ಅದನ್ನೇ ಮತ್ತೆ ಓಡಿಸಿ. ಉಸಿರು ಕಟ್ಟಿದಂತಾದಾಗ, ತೊಡೆ ಕಲ್ಲಾದಾಗ, ಪಕ್ಕದವಳು ದಾಟಿ ಹೋಗುವಾಗ ತಾನೇನು ಮಾಡುತ್ತೇನೆ ಎಂಬುದನ್ನು ಅವಳು ಅಲ್ಲಿ ಕಾಣಬೇಕು.

ಮೂರನೆಯದು, ಎಡವಟ್ಟಿಗೆ ಮುಂಚೆಯೇ ಉತ್ತರ ಸಿದ್ಧವಿರಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಈಜಿನ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿ, ಕೊನೆಕೊನೆಗೆ ಗೋಡೆಯೂ ಕಾಣದಂತಾಯಿತು. ಅವರು ಕೈ ಬೀಸುಗಳನ್ನು ಎಣಿಸುತ್ತಾ ಈಜಿ, 1 ನಿಮಿಷ 52.03 ಸೆಕೆಂಡ್‌ಗಳ ವಿಶ್ವದಾಖಲೆಯೊಂದಿಗೆ ಗೆದ್ದರು. ಎಡವಟ್ಟುಗಳನ್ನೂ ಮನಸ್ಸಿನಲ್ಲಿ ಈಜಿ ನೋಡಿಕೊಳ್ಳುವುದು ಅವರ ತಯಾರಿಯ ಭಾಗವಾಗಿತ್ತು. ನಮ್ಮ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಆ ಓಟ ಮೊದಲ ಸಲ ಹೊರಟಾಗ ಬೇರೊಬ್ಬ ಓಟಗಾರ್ತಿಯ ಫಾಲ್ಸ್ ಸ್ಟಾರ್ಟ್‌ನಿಂದ (ಸದ್ದಿಗೆ ಮೊದಲೇ ಹೊರಟದ್ದರಿಂದ) ನಿಂತು, ಎಲ್ಲರೂ ಮತ್ತೊಮ್ಮೆ ಹೊರಡಬೇಕಾಯಿತು ಎಂಬುದನ್ನು ಕೆಲವರು ಮರೆತಿರಬಹುದು. ಆದ್ದರಿಂದ ನಾನು ಅಭ್ಯಾಸದಲ್ಲಿ ಆಗಾಗ, ಓಟ ಶುರು ಮಾಡಿಸಲು ಬಡಿಯುವ ಜೋಡಿ ಹಲಗೆಯಾದ ಕ್ಲ್ಯಾಪರ್ ಎರಡು ಸಲ ಬಡಿದು, ಓಡಿದವರನ್ನು ವಾಪಸು ಕರೆಸುತ್ತಿದ್ದೆ. ವಾಪಸು ನಡೆದು ಬರುವಾಗ ಕೈಕಾಲು ಕೊಡವುವುದು, ಒಂದು ಉದ್ದ ಉಸಿರು ಬಿಡುವುದು, ಮತ್ತೆ ಗೆರೆಯ ಹಿಂದೆ ನಿಲ್ಲುವುದು, ಇದು ಅವರಿಗೆ ರೂಢಿಯಾಗಿತ್ತು.

ಹೀಗೆ "ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ" ಎಂದು ಮಕ್ಕಳ ಕೈಯಲ್ಲೇ ಬರೆಸಿ. ಸ್ಪೈಕ್ಸ್ ಕಚ್ಚಿದರೆ, ಮಳೆ ಬಂದರೆ, ನನ್ನ ಓಟ ಎರಡು ಗಂಟೆ ತಡವಾದರೆ. ನಮ್ಮ ಕೂಟಗಳಲ್ಲಿ ಕೊನೆಯದು ಬಹುತೇಕ ಆಗಿಯೇ ಆಗುತ್ತದೆ.

ಮಾಜಿ ವಾಲಿಬಾಲ್ ಆಟಗಾರ, ಸಾಗರ

ಹಿರಿಯರಿಗೆ ಗೌರವವಿಟ್ಟೇ ಹೇಳುತ್ತೇನೆ, ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಮೇಷ್ಟ್ರು ಬೈದೇ ಬೆಳೆಸಿದರು. ಸರ್ವ್ ನೆಟ್‌ಗೆ ಹೊಡೆದರೆ ಅಂಗಳದ ಸುತ್ತ ಓಡಿಸುತ್ತಿದ್ದರು. ಆ ಭಯವೇ ನಮ್ಮನ್ನು ಗಟ್ಟಿ ಮಾಡಿತು. ಈಗಿನ ಮಕ್ಕಳಿಗೆ ಎಲ್ಲವನ್ನೂ ಮೆತ್ತಗೆ ಹೇಳಿ ಹೇಳಿ, ಎದುರಾಳಿ ಒಂದು ಸಲ ಗದರಿಸಿದರೆ ಕುಸಿದುಹೋಗುವ ಹಾಗೆ ಮಾಡುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ. ಕಠಿಣ ಅಭ್ಯಾಸಕ್ಕಿಂತ ದೊಡ್ಡ ಮನಸ್ಸಿನ ತಯಾರಿ ಇಲ್ಲ.

ನಿವೃತ್ತ ಅಥ್ಲೆಟಿಕ್ಸ್ ತರಬೇತುದಾರ, ಶಿವಮೊಗ್ಗ

ಸಾಗರದ ಸರ್, ಕಠಿಣ ಅಭ್ಯಾಸ ಬೇಕು ಎಂಬ ನಿಮ್ಮ ಮಾತು ನೂರಕ್ಕೆ ನೂರು ನಿಜ. ಮೈ ತಯಾರಿಲ್ಲದವನಿಗೆ ಮನಸ್ಸಿನ ಪಾಠ ಹೇಳಿ ಪ್ರಯೋಜನವಿಲ್ಲ. ಆದರೆ ಕಠಿಣ ಅಭ್ಯಾಸ ಬೇರೆ, ಹೆದರಿಸುವುದು ಬೇರೆ. ಬೈಗುಳದಿಂದ ಬೆಳೆದ ನೀವು ನಮ್ಮ ಕಣ್ಣ ಮುಂದಿದ್ದೀರಿ. ಅದೇ ಬೈಗುಳಕ್ಕೆ ಚೆಂಡು ಮುಟ್ಟುವುದನ್ನೇ ಬಿಟ್ಟು ಮನೆಗೆ ಹೋದವರು ಇಲ್ಲಿ ಬರೆಯಲು ಬರುವುದಿಲ್ಲ.

1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬುವರು ಮಕ್ಕಳಿಗೆ ಮೀನು ಹಿಡಿಯುವ ಗಾಳದ ರೀಲು ಕೊಟ್ಟು ತಿರುಗಿಸಲು ಹೇಳಿದರು, ಒಮ್ಮೆ ಒಬ್ಬೊಬ್ಬರೇ, ಒಮ್ಮೆ ಇನ್ನೊಬ್ಬರ ಜೊತೆ ಪೈಪೋಟಿಯಲ್ಲಿ. 40 ಮಕ್ಕಳಲ್ಲಿ 20 ಮಂದಿ ಪೈಪೋಟಿಯಲ್ಲಿ ಚುರುಕಾದರು. 10 ಮಂದಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ಉಳಿದ 10 ಮಂದಿ ಉದ್ವೇಗ ಹೆಚ್ಚಾಗಿ ಮೊದಲಿಗಿಂತ ನಿಧಾನವಾದರು. ಕ್ರೀಡಾ ಮನೋವಿಜ್ಞಾನದ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು, ಅಲ್ಲೇ ವಿಷಯ ಸ್ಪಷ್ಟವಾಗಿತ್ತು. ಒಂದೇ ಒತ್ತಡ ಒಬ್ಬನನ್ನು ಎಬ್ಬಿಸುತ್ತದೆ, ಇನ್ನೊಬ್ಬನನ್ನು ಕಟ್ಟಿಹಾಕುತ್ತದೆ. ಯಾವ ಮಗು ಯಾವ ಗುಂಪಿನದು ಎಂದು ಗುರುತಿಸುವುದೇ ತರಬೇತುದಾರನ ಕೆಲಸ. ಗುಂಡು ಎಸೆಯುವವನಿಗೆ ಗೆರೆಗೆ ಬರುವ ಮೊದಲು ಬೆನ್ನು ತಟ್ಟಿ ರೇಗಿಸಬಹುದು. ಗುರಿ ಇಟ್ಟು ಬಾಣ ಬಿಡುವವನಿಗೆ ಹಾಗೆ ಮಾಡಿದರೆ ಕೈ ನಡುಗುತ್ತದೆ.

ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವವನು, ಶಿಕಾರಿಪುರ

ನಾನು ಕೋಚ್ ಅಲ್ಲ, ಫಿಸಿಕಲ್‌ಗೆ, ಅಂದರೆ ದೈಹಿಕ ಪರೀಕ್ಷೆಗೆ, ತಯಾರಾಗುತ್ತಿರುವವನು. ನಮಗೆ 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಹೆಚ್ಚೆಂದರೆ 97 ಸೆಕೆಂಡ್.

ಮನಸ್ಸು ಕೈ ಕೊಡುವುದು ಮೂರನೆಯ ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಹುಮ್ಮಸ್ಸಿರುತ್ತದೆ, ಕೊನೆಯ ಸುತ್ತಿನಲ್ಲಿ ಮುಗಿಯಿತಲ್ಲ ಎಂಬ ಆಸೆ ಇರುತ್ತದೆ. ಮೂರನೆಯದರಲ್ಲಿ ಎರಡೂ ಇಲ್ಲ. "ಇದೊಂದು ಸಲ ಆಗದಿದ್ದರೆ ವಯಸ್ಸು ಮೀರಿ ಹೋಗುತ್ತದೆ, ಮನೆಯಲ್ಲಿ ಏನು ಹೇಳಲಿ" ಎಂಬ ಯೋಚನೆಯೆಲ್ಲ ಅಲ್ಲೇ ಬರುತ್ತದೆ. ನಮ್ಮ ಜೊತೆ ಓಡುವ ಮಾಜಿ ಸೈನಿಕರೊಬ್ಬರು ಒಂದು ಉಪಾಯ ಕಲಿಸಿದರು. ಕೆಲಸ, ಆಯ್ಕೆ ಪಟ್ಟಿ, ಅಪ್ಪ ಅಮ್ಮ ಎಲ್ಲವನ್ನೂ ಗೇಟಿನ ಹೊರಗೆ ಬಿಟ್ಟು ಬಾ, ಒಳಗೆ ಬಂದ ಮೇಲೆ ನಿನ್ನ ಪಾಲಿಗೆ ಇರುವುದು ಈ ಸುತ್ತು ಮಾತ್ರ ಎಂದರು. ಮೂರನೆಯ ಸುತ್ತಿಗೆಂದೇ ನಾನು ಒಂದು ಮಾತು ಇಟ್ಟುಕೊಂಡಿದ್ದೇನೆ: "ಕೈ ಬೀಸು, ಭುಜ ಇಳಿಸು." ಅದನ್ನೇ ಹೆಜ್ಜೆಯ ತಾಳಕ್ಕೆ ಹೇಳಿಕೊಳ್ಳುತ್ತೇನೆ. ಬೇರೆ ಯೋಚನೆಗೆ ಜಾಗ ಸಿಗುವುದಿಲ್ಲ. ವಾರಕ್ಕೊಮ್ಮೆ ಬರೀ ಮೂರನೆಯ ಸುತ್ತಿನ ಅಭ್ಯಾಸ ಮಾಡುತ್ತೇವೆ. ಎರಡು ಸುತ್ತು ಓಡಿ ದಣಿದ ಮೇಲೆ, ಆ ಒಂದು ಸುತ್ತನ್ನು ಮಾತ್ರ ಗಡಿಯಾರ ಹಿಡಿದು ಓಡುವುದು.

ಜಿಮ್ ತರಬೇತುದಾರ, ವಿನೋಬನಗರ, ಶಿವಮೊಗ್ಗ

ಶಿಕಾರಿಪುರದ ತಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಾತಿನ ಆಯ್ಕೆ ಮುಖ್ಯ. "ಬೀಳಬೇಡ", "ಹಿಂದೆ ನೋಡಬೇಡ" ಎಂದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಏನು ಮಾಡಬೇಕೋ ಅದನ್ನೇ ಹೇಳಬೇಕು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಮಾಡುವವರಿಗೆ "ಮೊಣಕಾಲು ನೇರ ಮಾಡು" ಎನ್ನುವುದಕ್ಕಿಂತ "ನೆಲವನ್ನು ಕೆಳಕ್ಕೆ ತಳ್ಳು" ಎಂದರೆ ಭಾರ ಸಲೀಸಾಗಿ ಏಳುತ್ತದೆ. ಗಮನವನ್ನು ಅಂಗದ ಮೇಲಿಡದೆ, ಚಲನೆಯಿಂದ ಹೊರಗೆ ಆಗಬೇಕಾದ ಪರಿಣಾಮದ ಮೇಲಿಡುವುದು ಮೇಲು ಎಂದು ಗೇಬ್ರಿಯಲೆ ವುಲ್ಫ್ ಅವರ ಸಂಶೋಧನೆಗಳು ತೋರಿಸಿವೆ. ದಿನವೂ ಸಲೀಸಾಗಿ ಮಾಡುವ ಕೆಲಸವನ್ನು ಒತ್ತಡದಲ್ಲಿ ಬಿಡಿಬಿಡಿಯಾಗಿ ಯೋಚಿಸಿ ಮಾಡಲು ಹೋದರೆ ಕೈ ತಪ್ಪುತ್ತದೆ.

ಪೋಷಕಿ, ಹೊಸನಗರ

ನನ್ನ ಮಗ 800 ಮೀಟರ್ ಓಡುತ್ತಾನೆ. ಕೂಟದ ದಿನ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ, ತಿಂದರೆ ಬಸ್ಸಿನಲ್ಲಿ ವಾಂತಿ. "ಹೆದರಬೇಡ" ಎಂದರೆ ಇನ್ನೂ ಹೆಚ್ಚಾಗುತ್ತದೆ. ಮನೆಯವರು ಏನು ಮಾಡಬಹುದು? ಪ್ರಾಣಾಯಾಮ ಮಾಡಿಸಲೇ?

ಆಪ್ತಸಮಾಲೋಚಕಿ, ಶಿವಮೊಗ್ಗ

ಹೊಸನಗರದ ಅಕ್ಕ, ಮೊದಲು ಒಂದು ಸಮಾಧಾನದ ಮಾತು. ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಹೊಟ್ಟೆ ಕಿವುಚುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವೆಲ್ಲ ಮೈ ಓಟಕ್ಕೆ ಸಜ್ಜಾಗುತ್ತಿರುವ ಲಕ್ಷಣಗಳು. ಅಡ್ರಿನಲಿನ್ ಏರಿದಾಗ ರಕ್ತ ಹೊಟ್ಟೆಯ ಕಡೆಯಿಂದ ಮಾಂಸಖಂಡಗಳ ಕಡೆಗೆ ಹರಿಯುತ್ತದೆ, ಆದ್ದರಿಂದಲೇ ತಿಂಡಿ ಸೇರುವುದಿಲ್ಲ. ಇದನ್ನು ಮಗನಿಗೆ ಇದೇ ರೀತಿ ವಿವರಿಸಿ. "ಹೆದರಬೇಡ" ಎಂದರೆ ತನಗೇನೋ ಆಗಬಾರದ್ದು ಆಗುತ್ತಿದೆ ಎಂದು ಅವನು ತಿಳಿಯುತ್ತಾನೆ. "ಮೈ ತಯಾರಾಗುತ್ತಿದೆ" ಎಂದರೆ ಅದೇ ಎದೆಬಡಿತ ಬೇರೆಯಾಗಿ ಕೇಳಿಸುತ್ತದೆ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡುವ ಮುನ್ನ "ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಉತ್ಸಾಹವಾಗಿದೆ" ಎಂದುಕೊಂಡವರು ಚೆನ್ನಾಗಿ ಮಾಡಿದರು.

ತಿಂಡಿಯ ವಿಷಯ: ಹೊರಡುವ ಗಡಿಬಿಡಿಯಲ್ಲಿ ತುರುಕಬೇಡಿ. ಓಟಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿಯೋ ಬಾಳೆಹಣ್ಣೋ, ಅಭ್ಯಾಸದ ದಿನ ತಿಂದು ಒಗ್ಗಿದ್ದನ್ನೇ ಕೊಡಿ. ಹೊಸದೇನೂ ಬೇಡ.

ಉಸಿರಾಟ ಖಂಡಿತ ಸಹಾಯ ಮಾಡುತ್ತದೆ, ಆದರೆ ಯಾವಾಗ ಎಂಬುದಿದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ನಾಲ್ಕು ಎಣಿಸುವಷ್ಟು ಒಳಗೆಳೆದು ಆರು ಎಣಿಸುವಷ್ಟು ನಿಧಾನವಾಗಿ ಬಿಡುವುದು ಒಳ್ಳೆಯದು. ಹಿಂದಿನ ರಾತ್ರಿ ಮಲಗುವ ಮುನ್ನ, ಬಸ್ಸಿನಲ್ಲಿ, ಹೆಸರು ಕರೆಯಲು ಕಾಯುವಾಗ ಮಾಡಲಿ. ಗೆರೆಯ ಮೇಲೆ ನಿಂತ ಮೇಲೆ ಬೇಡ. ಓಟಗಾರನಿಗೆ ಆ ಹೊತ್ತಿನಲ್ಲಿ ಸ್ವಲ್ಪ ಬಿಸಿ ಬೇಕೇ ಬೇಕು. ಜೋರಾಗಿ, ಬೇಗ ಬೇಗ ಉಸಿರೆಳೆದರೆ ತಲೆ ಸುತ್ತುತ್ತದೆ, ಅದನ್ನು ಯಾರಿಂದಲೂ ಮಾಡಿಸಬೇಡಿ.

ತರಬೇತುದಾರರಿಗೆ ಒಂದು ಮುಖ್ಯವಾದ ಮಾತು. ಕೂಟದ ಮುಂಚಿನ ನಡುಕ ಓಟ ಮುಗಿದ ಮೇಲೆ ಇಳಿದುಹೋಗಬೇಕು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇಷ್ಟಪಟ್ಟು ಬರುತ್ತಿದ್ದ ಮೈದಾನಕ್ಕೇ ಬರಲು ಅಳುತ್ತಾಳೆ, ತೂಕ ಇಳಿಸಲೆಂದು ಊಟ ಬಿಟ್ಟಿದ್ದಾಳೆ, ಮುಟ್ಟು ನಿಂತಿದೆ ಎಂದರೆ ಅದು ಧೈರ್ಯದ ಪ್ರಶ್ನೆಯಲ್ಲ. ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಶಿಕ್ಷಕಿಯ ಬಳಿ ಹೇಳಿಕೊಳ್ಳಲು ಮುಜುಗರಪಡುವ ಮಕ್ಕಳಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊದಲ್ಲಿ ಗಾಳಿಯಲ್ಲಿ ದಿಕ್ಕು ತಪ್ಪುತ್ತಿದೆ ಎಂದು ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಹೇಡಿ ಎಂದವರಿದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರೇ ಆಲ್‌ರೌಂಡ್ ಚಿನ್ನ ಗೆದ್ದರು. ನಿಲ್ಲಬೇಕಾದಾಗ ನಿಂತದ್ದರಿಂದ ಅವರ ಆಟ ಮುಗಿದುಹೋಗಲಿಲ್ಲ.

ಮಾಜಿ ವಾಲಿಬಾಲ್ ಆಟಗಾರ, ಸಾಗರ

ಮೇಡಂ, ಊಟ ಬಿಡುವ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಇದನ್ನು ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಭಯದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ, ಶಿಸ್ತು ಸಡಿಲವಾಗಬಾರದು. ಆದರೆ ಭದ್ರಾವತಿಯವರು ಹೇಳಿದ ತಪ್ಪು ತೀರ್ಪಿನ ಅಭ್ಯಾಸ ನನಗೆ ಹಿಡಿಸಿತು. ವಾಲಿಬಾಲ್‌ನಲ್ಲಿ ಲೈನ್ ಕಾಲ್‌ಗೆ ತಲೆ ಕೆಡಿಸಿಕೊಂಡು ಸೆಟ್ ಕಳೆದುಕೊಳ್ಳುವ ತಂಡಗಳೇ ಹೆಚ್ಚು.

ಕಬಡ್ಡಿ ತರಬೇತುದಾರ, ಭದ್ರಾವತಿ

ತರಬೇತುದಾರರ ಮನಸ್ಸಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಕೊನೆಯ ಐದು ನಿಮಿಷ ನಾನು ಗೆರೆಯ ಪಕ್ಕ ಅತ್ತಿಂದಿತ್ತ ಓಡಾಡಿ ಕೂಗಾಡಿದರೆ ಹುಡುಗರು ಎದುರಾಳಿಯನ್ನು ಬಿಟ್ಟು ನನ್ನನ್ನು ನೋಡುತ್ತಾರೆ. ಆದ್ದರಿಂದ ನಮ್ಮಲ್ಲಿ ನಿಯಮವಿದೆ. ಪಂದ್ಯದ ನಡುವೆ ಕೂಗಬಹುದಾದ ಮಾತುಗಳನ್ನು ಮೊದಲೇ ಮೂರಕ್ಕೆ ಇಳಿಸಿ ಹುಡುಗರಿಗೆ ಹೇಳಿರುತ್ತೇವೆ. ಬೇರೆ ಏನಿದ್ದರೂ ಟೈಮ್‌ಔಟ್‌ನಲ್ಲಿ. ಟೈಮ್‌ಔಟ್‌ನಲ್ಲೂ ಮೊದಲು ನೀರು, ಆಮೇಲೆ ಒಂದೇ ಸೂಚನೆ. ಆಗಿಹೋದ ರೇಡ್‌ನ ವಿಮರ್ಶೆ ಮರುದಿನ.

ಪೋಷಕರಿಗೂ ಒಂದು ವಿನಂತಿ. ಫಲಿತಾಂಶ ಕೇಳುವ ಮೊದಲು ಊಟ ಆಯಿತೇ ಎಂದು ಕೇಳಿ.

ದೈಹಿಕ ಶಿಕ್ಷಣ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಕೃತಜ್ಞತೆ. ಲೇನ್‌ನ ವಿಷಯ ಓದಿದಾಗ ಅವಳ ಓಟ ಕಣ್ಣಿಗೆ ಕಟ್ಟಿತು. ಅವಳಿಗೆ ಸಿಕ್ಕಿದ್ದು ಹೊರಗಿನ ಲೇನೇ.

ಈ ವಾರದಿಂದ ಜಗಲಿಯಲ್ಲಿ ಸ್ಟಾಪ್‌ವಾಚ್ ಓಟ ಶುರು ಮಾಡುತ್ತೇನೆ. ಮಳೆ ಬಿಟ್ಟಾಗ ಸುಣ್ಣ ಹಾಕಿ, ಒಂದು ತಿರುವಿಗಾದರೂ ಲೇನ್ ಎಳೆಯುತ್ತೇನೆ. ಮುಖ್ಯೋಪಾಧ್ಯಾಯರ ಹತ್ತಿರ ಮಾತನಾಡಿ, ಕೂಟದ ದಿನ ಮೊದಲ ಬಸ್ಸಿಗೇ ಹೊರಡುವ ಹಾಗೆ ನೋಡುತ್ತೇನೆ. ಮಂಡಗದ್ದೆ, ಸಕ್ರೆಬೈಲು ದಾಟುವಷ್ಟರಲ್ಲಿ ಅರ್ಧ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಬೇಗ ತಲುಪಿದರೆ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ, ಟ್ರ್ಯಾಕ್ ಮೇಲೆ ನಡೆಸಲೂ ಆಗುತ್ತದೆ.

ಒಂದು ಪ್ರಶ್ನೆ ಉಳಿಯಿತು. ಕಳೆದ ವರ್ಷದ ಓಟದ ಬಗ್ಗೆ ಅವಳ ಹತ್ತಿರ ಈಗ ಮಾತೆತ್ತಬೇಕೇ, ಬಿಡಬೇಕೇ? ಅವಳಾಗಿ ಏನೂ ಹೇಳುತ್ತಿಲ್ಲ. ಮತ್ತೆ, ನಮ್ಮಲ್ಲಿ ಕ್ಲ್ಯಾಪರ್ ಇಲ್ಲ, ಸೀಟಿಯೇ ಗತಿ.

ನಿವೃತ್ತ ಅಥ್ಲೆಟಿಕ್ಸ್ ತರಬೇತುದಾರ, ಶಿವಮೊಗ್ಗ

ಎತ್ತಿ ಮೇಡಂ, ಆದರೆ ಕೂರಿಸಿಕೊಂಡು ವಿಚಾರಣೆ ಮಾಡಿದ ಹಾಗೆ ಬೇಡ. ಲೇನ್ ಎಳೆದ ದಿನ ಅವಳನ್ನು ಹೊರಗಿನ ಲೇನ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ಏಕೆ ಯಾರೂ ಕಾಣುವುದಿಲ್ಲ ಎಂದು ತೋರಿಸಿ. ಮೊದಲ 200 ಮೀಟರ್‌ಗೆ ಅವಳದೇ ಆದ ಸಮಯ ಕೊಡಿ, ಹಿಂದಿನ ಹೆಜ್ಜೆ ಸದ್ದು ಏನೇ ಹೇಳಲಿ ಆ ಸಮಯವನ್ನು ಮುರಿಯಬಾರದು. ಕಾರಣ ತಿಳಿದರೆ ಹೇಳುವುದಿದ್ದದ್ದನ್ನು ಅವಳೇ ಹೇಳುತ್ತಾಳೆ.

ಕ್ಲ್ಯಾಪರ್ ಮಾಡುವುದು ಕಷ್ಟವಿಲ್ಲ. ಅಂಗೈಗಿಂತ ಸ್ವಲ್ಪ ಉದ್ದದ ಎರಡು ಹಲಗೆ, ಒಂದು ಕಬ್ಬಿಣದ ಕೀಲು, ಎರಡು ಹಿಡಿ. ಊರಿನ ಬಡಗಿಯಲ್ಲಿ ಕೇಳಿ. ಹಲಗೆ ಗಟ್ಟಿ ಮರದ್ದಿರಲಿ, ಮೆದುವಾದದ್ದಾದರೆ ಮಳೆಯ ಸದ್ದಿನಲ್ಲಿ ಕೇಳಿಸುವುದಿಲ್ಲ.